ಮರಳಲ್ಲಿ ಹೂತ ಕಾರು



ಹಳೆಯ ಕಾರುಗಳ ಮೆರವಣಿಗೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿರುತ್ತವೆ. ಬಣ್ಣ ಥಳಥಳಿಸುತ್ತಿರುತ್ತದೆ. ಜನ ಬಾನೆಟ್ಟಿನ ಒಳಗೆ ಇಣುಕುತ್ತಾರೆ. "ಇದು ಹತ್ತು ವರ್ಷ ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿತ್ತು, ಒಂದೊಂದೇ ಭಾಗ ಹುಡುಕಿ ತಂದು ಕೂಡಿಸಿದೆ" ಎಂದು ಅದರ ಯಜಮಾನ ಹೇಳುತ್ತಿದ್ದರೆ ಸುತ್ತ ನಿಂತವರು ತಲೆದೂಗುತ್ತಾರೆ. ಇದೆಲ್ಲ ಕೈಯಲ್ಲಿ ಹಣವೂ ಸಮಯವೂ ಇರುವವರ ಹವ್ಯಾಸ, ಚರಿತ್ರೆಯ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಆ ಅಭಿಪ್ರಾಯವನ್ನು ಬದಲಿಸಿಕೊಳ್ಳುವಂತೆ ಮಾಡಿದ ಒಂದು ಕಾರಿನ ಕಥೆಯನ್ನು ಇಲ್ಲಿ ಹೇಳುತ್ತೇನೆ. ಕಿರುತೆರೆಯ ಮಾತುಕತೆಯಲ್ಲಿ ಅವಸರವಾಗಿ ಹೇಳಿ ಮುಗಿಸಬೇಕಾಗುವ ಸಂಗತಿಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಆ ಕಾರಿನ ಹೆಸರು ಬ್ಯಾಬ್ಸ್. ಅದು 42 ವರ್ಷ ಸಮುದ್ರತೀರದ ಮರಳಿನಡಿ ಹೂತುಹೋಗಿತ್ತು. ಆಕಸ್ಮಿಕವಾಗಿ ಹೂತದ್ದಲ್ಲ. ಅದನ್ನು ಓಡಿಸುತ್ತಿದ್ದವನ ಸಂಗಾತಿಗಳು ಬೇಕೆಂದೇ ಗುಂಡಿ ತೋಡಿ ಮಣ್ಣು ಮಾಡಿದ್ದರು.

ಮೊದಲು ಅದರ ಹುಟ್ಟನ್ನು ತಿಳಿದುಕೊಳ್ಳೋಣ. ಮೊದಲನೆಯ ಮಹಾಯುದ್ಧ 1918ರಲ್ಲಿ ಮುಗಿದಾಗ ವಿಮಾನಗಳಿಗೆಂದು ತಯಾರಿಸಿದ್ದ ಎಂಜಿನ್ನುಗಳು ಬೇಕಾದಷ್ಟು ಉಳಿದವು. ಕೊಳ್ಳುವವರಿಲ್ಲದೆ ಅವು ಅಗ್ಗವಾದವು. ಇಂಗ್ಲೆಂಡಿನ ಕ್ಯಾಂಟರ್‌ಬರಿ ಊರಿನ ಸಮೀಪ ಹೈಯಮ್ ಎಂಬ ಬಂಗಲೆಯಲ್ಲಿ ಕೌಂಟ್ ಲೂಯಿ ಝ್ಬೊರೊವ್‌ಸ್ಕಿ ಎಂಬ ಸಿರಿವಂತ ತರುಣನಿದ್ದ. ವಿಮಾನದ ಎಂಜಿನ್ನನ್ನು ಕಾರಿಗೆ ಕೂಡಿಸುವುದು ಅವನ ಗೀಳು. ಅವನು ಹಾಗೆ ಕಟ್ಟಿದ 'ಚಿಟ್ಟಿ ಬ್ಯಾಂಗ್ ಬ್ಯಾಂಗ್' ಎಂಬ ಕಾರುಗಳ ಹೆಸರೇ ಮುಂದೆ ಇಯಾನ್ ಫ್ಲೆಮಿಂಗ್ ಮಕ್ಕಳಿಗಾಗಿ ಬರೆದ ಕಥೆಗೆ ಸ್ಫೂರ್ತಿಯಾಯಿತು. ಅವನು ಕಟ್ಟಿಸಿದ ಇನ್ನೊಂದು ದೈತ್ಯ ಕಾರು 'ಹೈಯಮ್ ಸ್ಪೆಷಲ್'. ಅದಕ್ಕೆ ಅಮೆರಿಕದ ಲಿಬರ್ಟಿ ಎಂಜಿನ್ ಕೂಡಿಸಿದ್ದರು. ಹನ್ನೆರಡು ಸಿಲಿಂಡರು, 27 ಲೀಟರ್ ಗಾತ್ರ, ಸುಮಾರು 450 ಅಶ್ವಶಕ್ತಿ. ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಕಾರಿನ ಎಂಜಿನ್ ಒಂದು ಲೀಟರಿನ ಆಸುಪಾಸಿನದು ಎಂಬುದನ್ನು ನೆನಪಿಗೆ ತಂದುಕೊಂಡರೆ ಈ ಲೆಕ್ಕದ ಅರ್ಥವಾದೀತು. ಗಿಯರ್ ಪೆಟ್ಟಿಗೆಯೂ ಚೈನುಗಳೂ ಯುದ್ಧಕ್ಕೆ ಮುಂಚಿನ ಒಂದು ಬೆಂಜ್ ರೇಸ್ ಕಾರಿನವು. ಹೌದು, ಚೈನು. ಸೈಕಲ್ಲಿಗೆ ಇರುವಂತೆಯೇ, ಆದರೆ ಬಹಳ ದೊಡ್ಡವು. ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಳನ್ನು ತಲುಪುತ್ತಿದ್ದುದು ಚಾಲಕನ ಎಡಬಲಗಳಲ್ಲಿ ಸುತ್ತುವ ಈ ಚೈನುಗಳ ಮೂಲಕ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಝ್ಬೊರೊವ್‌ಸ್ಕಿ 1924ರಲ್ಲಿ ಇಟಲಿಯ ಮೋಂಜಾದಲ್ಲಿ ನಡೆದ ಪಂದ್ಯದಲ್ಲಿ ಮರ್ಸಿಡಿಸ್ ಕಾರು ಓಡಿಸುತ್ತ ಸತ್ತ. ಅವನ ಹೈಯಮ್ ಸ್ಪೆಷಲ್ಲನ್ನು 125 ಪೌಂಡಿಗೆ ಕೊಂಡವನು ಜಾನ್ ಗಾಡ್‌ಫ್ರೆ ಪ್ಯಾರಿ-ಥಾಮಸ್.

ಥಾಮಸ್ ಕೌಂಟನಂತೆ ಆಗರ್ಭ ಶ್ರೀಮಂತನಲ್ಲ. ವೇಲ್ಸಿನ ರೆಕ್ಸಮ್‌ನಲ್ಲಿ ಹುಟ್ಟಿದ ಎಂಜಿನಿಯರು. ಲೇಲ್ಯಾಂಡ್ ಕಂಪೆನಿಯ ಮುಖ್ಯ ಎಂಜಿನಿಯರಾಗಿದ್ದು, 'ಲೇಲ್ಯಾಂಡ್ ಎಯ್ಟ್' ಎಂಬ ಕಾರನ್ನು ರೂಪಿಸಿದ್ದ. ಆಮೇಲೆ ಆ ಕೆಲಸ ಬಿಟ್ಟು ಲಂಡನ್ನಿನ ನೈಋತ್ಯಕ್ಕಿರುವ ಬ್ರೂಕ್‌ಲ್ಯಾಂಡ್ಸ್ ರೇಸ್ ಮೈದಾನದಲ್ಲಿಯೇ ಮನೆ ಮಾಡಿಕೊಂಡು, ಅಲ್ಲಿಯೇ ಕಾರ್ಯಾಗಾರವನ್ನೂ ನಡೆಸಿದ. ಕೌಂಟನ ಕಾರಿಗೆ ಅವನು ನಾಲ್ಕು ಕಾರ್ಬ್ಯುರೇಟರು ಹಾಕಿದ, ತಾನೇ ವಿನ್ಯಾಸ ಮಾಡಿದ ಪಿಸ್ಟನ್ನುಗಳನ್ನು ಕೂಡಿಸಿದ, ಬ್ಯಾಬ್ಸ್ ಎಂದು ಹೆಸರಿಟ್ಟ.

ಆಗ ನೆಲದ ಮೇಲೆ ಅತಿ ವೇಗವಾಗಿ ಹೋಗುವ ದಾಖಲೆಗೆ ಭಾರಿ ಪೈಪೋಟಿ ನಡೆಯುತ್ತಿತ್ತು. ಅಷ್ಟು ವೇಗಕ್ಕೆ ಉದ್ದವಾದ ನೇರ ರಸ್ತೆ ಬ್ರಿಟನ್ನಿನಲ್ಲಿ ಎಲ್ಲಿದೆ? ಅದಕ್ಕೆ ಅವರು ಕಡಲತೀರವನ್ನು ಹುಡುಕಿಕೊಂಡರು. ದಕ್ಷಿಣ ವೇಲ್ಸಿನ ಪೆಂಡೈನ್‌ನಲ್ಲಿ ಸುಮಾರು ಏಳು ಮೈಲಿ ಉದ್ದದ ಸಪಾಟಾದ ಮರಳ ತೀರವಿದೆ. ಇಳಿತದ ಹೊತ್ತಿನಲ್ಲಿ ಸಮುದ್ರ ಹಿಂದೆ ಸರಿದರೆ ಮರಳು ಗಟ್ಟಿಯಾದ ನೆಲದಂತೆ ಉಳಿಯುತ್ತದೆ. ಮತ್ತೆ ಉಬ್ಬರ ಬರುವುದರೊಳಗೆ ಓಟ ಮುಗಿಯಬೇಕು. ಒಂದು ದಿಕ್ಕಿನಲ್ಲಿ ಓಡಿದರೆ ಸಾಲದು, ಗಾಳಿಯ ಅನುಕೂಲ ಲೆಕ್ಕಕ್ಕೆ ಬರದಿರಲೆಂದು ಹಿಂದಕ್ಕೂ ಓಡಿ ಸರಾಸರಿ ತೆಗೆಯಬೇಕು. ಮಾಲ್ಕಮ್ ಕ್ಯಾಂಪ್‌ಬೆಲ್ 1924ರಲ್ಲಿ ಇಲ್ಲಿಯೇ ಗಂಟೆಗೆ 146.16 ಮೈಲಿ ವೇಗ ಮುಟ್ಟಿದ್ದ. 1926ರ ಏಪ್ರಿಲ್ 28ರಂದು ಥಾಮಸ್ ಬ್ಯಾಬ್ಸನ್ನು 171.02 ಮೈಲಿ ವೇಗದಲ್ಲಿ ಓಡಿಸಿದ, ಅಂದರೆ ಸುಮಾರು 275 ಕಿಲೋಮೀಟರು. 125 ಪೌಂಡಿನ ಹಳೆಯ ಕಾರಿಗೆ ವಿಶ್ವದಾಖಲೆ!

ಈ ದಾಖಲೆ ಒಂದು ವರ್ಷವೂ ನಿಲ್ಲಲಿಲ್ಲ. 1927ರ ಫೆಬ್ರವರಿ 4ರಂದು ಕ್ಯಾಂಪ್‌ಬೆಲ್ ಅದೇ ಮರಳಿನ ಮೇಲೆ 174.88 ಮೈಲಿ ಮುಟ್ಟಿದ. ಅದನ್ನು ಹಿಂದಕ್ಕೆ ಪಡೆಯಲು ಮಾರ್ಚ್ 3ರಂದು ಥಾಮಸ್ ಪೆಂಡೈನ್‌ಗೆ ಇಳಿದ. ಪೂರ್ಣ ವೇಗದಲ್ಲಿದ್ದಾಗ ಬ್ಯಾಬ್ಸ್ ಅಂಕೆ ತಪ್ಪಿ ಉರುಳಿತು. ತಲೆಗೆ ಪೆಟ್ಟು ಬಿದ್ದು ಥಾಮಸ್ ಸತ್ತ. ನೆಲದ ವೇಗದ ದಾಖಲೆಗಾಗಿ ಪ್ರಾಣ ಬಿಟ್ಟವರಲ್ಲಿ ಅವನೇ ಮೊದಲಿಗ. ವಿಚಾರಣೆ ಮುಗಿದ ಮೇಲೆ ಕಾರಿನ ಅವಶೇಷವನ್ನು ಪೆಂಡೈನ್‌ನ ಮರಳ ದಿಬ್ಬದಲ್ಲಿ ಹೂತರು. ಅದೇ ತಿಂಗಳ 29ರಂದು ಹೆನ್ರಿ ಸೀಗ್ರೇವ್ ಅಮೆರಿಕದ ಡೇಟೋನಾ ತೀರದಲ್ಲಿ 203.79 ಮೈಲಿ ವೇಗ ಸಾಧಿಸಿದ. ಪತ್ರಿಕೆಗಳ ಗಮನ ಅತ್ತ ತಿರುಗಿತು.

ಅವನು ಸತ್ತದ್ದು ಹೇಗೆ? ಜನ ಹೇಳುತ್ತ ಬಂದ ಕಥೆ ಹೀಗಿತ್ತು: ಬಲಗಡೆಯ ಚೈನು ಕಡಿದು ಚಾಟಿಯಂತೆ ಮೇಲಕ್ಕೆ ಬೀಸಿ ಥಾಮಸನ ತಲೆಗೆ ಹೊಡೆಯಿತು. ಭೀಕರವಾದ ಚಿತ್ರ, ಒಮ್ಮೆ ಕೇಳಿದರೆ ಮರೆಯುವಂಥದಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಅದೇ ಕಥೆ ಸಾಗಿತು. ಅದನ್ನು ಪರೀಕ್ಷಿಸಿ ನೋಡಲು ಯಾರಿಂದಲೂ ಆಗುವಂತಿರಲಿಲ್ಲ. ಮುಖ್ಯ ಸಾಕ್ಷಿಯೇ ಮಣ್ಣಿನಡಿ ಇತ್ತಲ್ಲ!

ಈ ನಡುವೆ ಬ್ರಿಟನ್ನಿನಲ್ಲಿ ಹಳೆಯ ಕಾರುಗಳ ಬಗ್ಗೆ ಒಂದು ಹೊಸ ಒಲವು ಬೆಳೆಯುತ್ತಿತ್ತು. 1934ರಲ್ಲಿ ಕೆಲವು ಉತ್ಸಾಹಿಗಳು ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬನ್ನು ಕಟ್ಟಿದರು. 1931ಕ್ಕೆ ಮುಂಚಿನ ಕಾರುಗಳನ್ನು ಬರೀ ಒರೆಸಿ ಇಡುವುದಲ್ಲ, ಓಡಿಸಬೇಕು, ಪಂದ್ಯಕ್ಕೆ ಇಳಿಸಬೇಕು ಎಂಬುದು ಅವರ ಹಟ. ಆಗ ಅಂಥ ಕಾರುಗಳು ಯಾರಿಗೂ ಬೇಡದ, ಕಡಿಮೆ ಬೆಲೆಯ ಸರಕು. ಇಂದಿನ ಹರಾಜುಗಳ ಬೆಲೆ ಕೇಳಿದವರಿಗೆ ಇದನ್ನು ನಂಬುವುದೇ ಕಷ್ಟ. ಗುಜರಿಯಲ್ಲಿ ಭಾಗ ಹುಡುಕುವುದು, ಸಿಕ್ಕದ ಭಾಗವನ್ನು ತಾವೇ ಲೇತಿನಲ್ಲಿ ಕಡೆಯುವುದು, ಭಾನುವಾರ ಸೇರಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಮೆಚ್ಚುವುದು ಅಥವಾ ತಪ್ಪು ಹಿಡಿಯುವುದು, ಹೀಗೆ ಜೀರ್ಣೋದ್ಧಾರದ ಒಂದು ವಿದ್ಯೆಯೇ ಬೆಳೆಯಿತು.

ಆ ವಿದ್ಯೆ ಬಲ್ಲವರಲ್ಲಿ ಒಬ್ಬ, ಉತ್ತರ ವೇಲ್ಸಿನ ಕೇಪಲ್ ಕ್ಯೂರಿಗ್ ಎಂಬ ಊರಿನ ಓವೆನ್ ವಿನ್ ಓವೆನ್. ಬ್ಯಾಂಗರ್ ಪಟ್ಟಣದ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಧ್ಯಾಪಕ. ಬ್ಯಾಬ್ಸನ್ನು ಹೊರತೆಗೆಯಬೇಕೆಂದು ಅವನು ಹೊರಟಾಗ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಅದೊಂದು ಸಮಾಧಿ, ಸಂಗಾತಿಗಳು ದುಃಖದಲ್ಲಿ ಮುಚ್ಚಿದ್ದನ್ನು ಹೊರಗಿನವನೊಬ್ಬ ಬಂದು ಅಗೆಯುವುದು ಸರಿಯೇ ಎಂದು ಕೇಳಿದವರಿದ್ದರು. ಅಷ್ಟು ಹೊತ್ತಿಗೆ ಆ ಜಾಗ ಸೈನ್ಯದ ಶಸ್ತ್ರಾಸ್ತ್ರ ಪರೀಕ್ಷೆಯ ನೆಲೆಗೆ ಸೇರಿಹೋಗಿತ್ತು. ರಕ್ಷಣಾ ಇಲಾಖೆಯ ಅನುಮತಿ ಬೇಕು, ಥಾಮಸನ ಬಂಧುಗಳ ಒಪ್ಪಿಗೆಯೂ ಬೇಕು. ಎಲ್ಲವನ್ನೂ ಪಡೆದು 1969ರಲ್ಲಿ ಓವೆನ್ ಅಗೆದ.

ಆಕ್ಷೇಪಣೆ ಎತ್ತಿದವರು ಮೂಢರೆಂದು ನೀವು ತಳ್ಳಿಹಾಕಬೇಡಿ. ಅವರ ಮಾತಿನಲ್ಲಿ ತೂಕವಿದೆ. ಹೂತಿಟ್ಟದ್ದೂ ಒಂದು ಐತಿಹಾಸಿಕ ಕೃತ್ಯವೇ. "ಈ ಯಂತ್ರ ಇನ್ನು ಯಾರ ಕೈಗೂ ಸಿಗಬಾರದು" ಎಂದು ಆ ಸಂಗಾತಿಗಳು ತಮ್ಮ ರೀತಿಯಲ್ಲಿ ಹೇಳಿದ್ದರು ಎಂದೇ ಅದನ್ನು ಓದಬಹುದು. ಅಗೆದರೆ ಆ ಮಾತನ್ನು ಅಳಿಸಿದಂತಾಗುತ್ತದೆ. ಇನ್ನೊಂದು ಕಡೆ, ಹಾಗೇ ಬಿಟ್ಟಿದ್ದರೆ ಉಪ್ಪು ಅದನ್ನು ಪೂರ್ತಿ ತಿಂದುಹಾಕುತ್ತಿತ್ತು. ಉಪ್ಪುನೀರಿನ ತೇವದಲ್ಲಿ ಉಕ್ಕಿಗೆ ತಾಗಿಕೊಂಡಿರುವ ಅಲ್ಯೂಮಿನಿಯಂ ಬೇಗ ಸವೆಯುತ್ತದೆ ಎಂಬುದನ್ನು ನಿಮ್ಮ ರಸಾಯನಶಾಸ್ತ್ರದ ಅಧ್ಯಾಪಕರು ವಿವರಿಸಬಲ್ಲರು. ಬ್ಯಾಬ್ಸ್ ಮೇಲೆ ಬಂದಾಗ ಹೊರಮೈ ಬಹುಪಾಲು ಕೊಳೆತುಹೋಗಿತ್ತು. ಆದರೆ ಒಳಗಿನ ಯಂತ್ರಭಾಗಗಳಲ್ಲಿ ಹಲವು ಉಳಿಸಿಕೊಳ್ಳುವ ಸ್ಥಿತಿಯಲ್ಲಿದ್ದವು.

ಅವಶೇಷವನ್ನು ಪರೀಕ್ಷಿಸಿದ ಮೇಲೆ ಆ ಹಳೆಯ ಕಥೆ ಅಲುಗಾಡಿತು. ಚೈನು ಕಡಿದು ಚಾಲಕನನ್ನು ಕೊಂದಿತು ಎಂಬುದಕ್ಕೆ ಕಾರಿನ ಸಾಕ್ಷ್ಯ ಹೊಂದುತ್ತಿರಲಿಲ್ಲ. ಸಂದೇಹ ಹಿಂದಿನ ಬಲಗಾಲಿಯ ಕಡೆಗೆ ತಿರುಗಿತು. ಗಾಲಿ ಮೊದಲು ಸೋತು ಕಾರು ಉರುಳಿರಬೇಕು, ಚೈನಿಗೆ ಆದದ್ದೆಲ್ಲ ಆಮೇಲಿನದು ಎಂಬ ಅಭಿಪ್ರಾಯ ಬಲವಾಯಿತು. ಇದು ಸಣ್ಣ ತಿದ್ದುಪಡಿ ಎಂದುಕೊಳ್ಳಬೇಡಿ. ಚೈನೇ ಕಾರಣವಾಗಿದ್ದರೆ ತಪ್ಪು ಇಡೀ ವಿನ್ಯಾಸದ್ದು. ಹಳೆಯ ಕಾಲದ ಏರ್ಪಾಡನ್ನು ನಂಬಿ ಥಾಮಸ್ ತನ್ನ ಪಕ್ಕದಲ್ಲೇ ಕತ್ತಿ ಕಟ್ಟಿಕೊಂಡು ಕುಳಿತಿದ್ದ ಎಂದಾಗುತ್ತದೆ. ಗಾಲಿ ಕಾರಣವಾಗಿದ್ದರೆ, ಆ ವೇಗಕ್ಕೆ ಇಳಿದ ಯಾರಿಗೆ ಬೇಕಾದರೂ ಬರಬಹುದಾಗಿದ್ದ ಅಪಾಯ ಅದು. ಒಬ್ಬ ಒಳ್ಳೆಯ ಎಂಜಿನಿಯರನ ಹೆಸರಿನ ಪ್ರಶ್ನೆ ಇದು. ನಾಲ್ಕು ದಶಕ ಜನರ ಬಾಯಲ್ಲಿದ್ದ ತೀರ್ಪನ್ನು ತುಕ್ಕು ಹಿಡಿದ ಕಬ್ಬಿಣ ಮರುವಿಚಾರಣೆಗೆ ಎಳೆಯಿತು.

ಆದರೆ ಇಲ್ಲಿಯೇ ಒಂದು ತೊಡಕಿದೆ. ಬಾಗಿದ ಭಾಗವನ್ನು ನೇರ ಮಾಡಿದ ಮೇಲೆ ಅದು ಹೇಗೆ ಬಾಗಿತ್ತು ಎಂದು ಅದನ್ನು ಮತ್ತೆ ಕೇಳಲಾಗುವುದಿಲ್ಲ. ಮುರಿದದ್ದನ್ನು ತೆಗೆದು ಹೊಸದು ಹಾಕಿದರೆ ಮುರಿತದ ಸಾಕ್ಷಿ ಹೋಯಿತು. ಆದ್ದರಿಂದ ದುರಸ್ತಿಯ ಮೊದಲ ಸಾಧನ ಸ್ಪ್ಯಾನರ್ ಅಲ್ಲ, ಕ್ಯಾಮೆರಾ ಮತ್ತು ನೋಟುಪುಸ್ತಕ. ಇನ್ನೊಂದು ಪ್ರಶ್ನೆ: ಯಾವ ಕಾಲದ ರೂಪಕ್ಕೆ ತರಬೇಕು? ಈ ಕಾರು ಮೊದಲು ಕೌಂಟನದು, ಆಮೇಲೆ ಥಾಮಸನದು, ಆಮೇಲೆ ಮರಳಿನದು. ಮೂರೂ ಅದರ ಚರಿತ್ರೆಯೇ. ಓವೆನ್ ಆರಿಸಿಕೊಂಡದ್ದು ಥಾಮಸ್ ಓಡಿಸಿದ ರೂಪವನ್ನು. ಸುಮಾರು 15 ವರ್ಷ ದುಡಿದು, ಇಲ್ಲದ ಹೊರಮೈಯನ್ನು ಹೊಸದಾಗಿ ಮಾಡಿ, ಎಂಜಿನ್ನಿಗೆ ಜೀವ ಬರಿಸಿ ಕಾರನ್ನು ಓಡುವ ಸ್ಥಿತಿಗೆ ತಂದ.

ಎಲ್ಲರೂ ಹೀಗೆ ಮಾಡುವುದಿಲ್ಲ. ಸ್ವಿಟ್ಸರ್‌ಲೆಂಡ್ ಮತ್ತು ಇಟಲಿಗಳ ನಡುವಿನ ಮಜೋರೆ ಸರೋವರದಲ್ಲಿ ಒಂದು ಬುಗಾಟಿ ಸ್ಪೋರ್ಟ್ಸ್ ಕಾರು ಮುಳುಗಿತ್ತು. 1925ರ ಕಾರು ಅದು. ಸುಂಕ ಕಟ್ಟದ್ದರಿಂದ ಅಧಿಕಾರಿಗಳು ನೀರಿಗೆ ಇಳಿಸಿಬಿಟ್ಟರು ಎಂದು ಅದರ ಕಥೆ. 1967ರಲ್ಲಿ ಮುಳುಗುಗಾರರ ಕಣ್ಣಿಗೆ ಬಿತ್ತು, 2009ರಲ್ಲಿ ಮೇಲೆತ್ತಿದರು. ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋಗೂ ಹೆಚ್ಚಿಗೆ ಹೋಯಿತು. ಕೊಂಡವರು ಅಮೆರಿಕದ ಸಂಗ್ರಾಹಕ ಪೀಟರ್ ಮಲಿನ್. ಅವರು ಅದನ್ನು ಮುಟ್ಟಲಿಲ್ಲ. ಒಂದು ಮಗ್ಗುಲು ಬಹುಪಾಲು ಕರಗಿಹೋಗಿದ್ದ ಆ ಕಾರನ್ನು ಹಾಗೆಯೇ ತಮ್ಮ ಕ್ಯಾಲಿಫೋರ್ನಿಯಾದ ಮ್ಯೂಸಿಯಮ್ಮಿನಲ್ಲಿ ಇಟ್ಟರು. 2024ರಲ್ಲಿ ಆ ಮ್ಯೂಸಿಯಂ ಮುಚ್ಚುವವರೆಗೂ ಪಕ್ಕದ ಹೊಳೆಯುವ ಕಾರುಗಳಿಗಿಂತ ಆ ತುಕ್ಕಿನ ಮುದ್ದೆಯ ಮುಂದೆ ಹೆಚ್ಚು ಹೊತ್ತು ನಿಂತವರು ಬಹಳ ಮಂದಿ ಇದ್ದಿರಬೇಕು. ಬುಗಾಟಿಯ ವಿಷಯದಲ್ಲಿ ಮಲಿನ್ ಮಾಡಿದ್ದು ಸರಿ ಎಂದು ನನಗೆ ತೋರುತ್ತದೆ. ಅಂಥ ಮಾದರಿಯ ಬೇರೆ ಕಾರುಗಳು ಓಡುವ ಸ್ಥಿತಿಯಲ್ಲಿವೆ, ಸರೋವರ ಕೆತ್ತಿದ ಕಾರು ಒಂದೇ. ಬ್ಯಾಬ್ಸ್ ಇದ್ದದ್ದೇ ಒಂದು. 27 ಲೀಟರಿನ ಆ ಎಂಜಿನ್ ಹೊತ್ತಿಕೊಂಡಾಗ ನೆಲ ಹೇಗೆ ನಡುಗುತ್ತಿತ್ತು ಎಂಬುದನ್ನು ಯಾವ ಛಾಯಾಚಿತ್ರವೂ ಹೇಳಲಾರದು. ನೀವು ಬೇರೆ ರೀತಿ ಯೋಚಿಸಿದರೆ ಗೆಳೆಯರೊಡನೆ ವಾದ ಮಾಡಿ ನೋಡಿ.

ಬ್ಯಾಬ್ಸ್ ಸಾರ್ವಜನಿಕರೆದುರು ಚಾಲೂ ಆಗುವ ದಿನ ಅಭಿಮಾನಿಗಳು ದೂರದಿಂದ ಬಂದು ಸೇರುತ್ತಾರೆ. ವಯಸ್ಸಾದವರು ಕಾರ್ಬ್ಯುರೇಟರುಗಳನ್ನು ಎಣಿಸುತ್ತಾರೆ, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಯಾರಾದರೊಬ್ಬರು ಚೈನಿನ ಕಥೆಯನ್ನು ಎತ್ತಿದರೆ ಇನ್ನೊಬ್ಬರು ಬಲಗಾಲಿಯನ್ನು ತೋರಿಸುತ್ತಾರೆ. ಓವೆನ್ 2012ರಲ್ಲಿ ತೀರಿಕೊಂಡ. ಕಾರನ್ನು ಬೇಸಿಗೆಯಲ್ಲಿ ಪೆಂಡೈನ್‌ನ ಮ್ಯೂಸಿಯಮ್ಮಿನಲ್ಲಿ, ಚಳಿಗಾಲದಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಇಡುವ ರೂಢಿ ಬೆಳೆಯಿತು. ಪೆಂಡೈನ್‌ನಲ್ಲಿ 2023ರಲ್ಲಿ ಹೊಸ ಮ್ಯೂಸಿಯಂ ಕಟ್ಟಡ ಬಾಗಿಲು ತೆರೆಯಿತು. ಥಾಮಸನ ಸಮಾಧಿ ಇರುವುದು ಬೈಫ್ಲೀಟ್ ಊರಿನ ಚರ್ಚಿನ ಅಂಗಳದಲ್ಲಿ. ಬ್ಯಾಬ್ಸ್ ಚಳಿಗಾಲ ಕಳೆಯುವ ಬ್ರೂಕ್‌ಲ್ಯಾಂಡ್ಸ್‌ನಿಂದ ಅಲ್ಲಿಗೆ ನಡೆದುಕೊಂಡೇ ಹೋಗಬಹುದು.