ರಾಯಚೂರು ದೋಆಬಿನ ಪ್ರಾಚೀನ ಸ್ಥಳಗಳು ಮತ್ತು ದಾಸಕ್ಷೇತ್ರಗಳು

ಉತ್ತರದ ಕೃಷ್ಣಾ ಹಾಗೂ ದಕ್ಷಿಣದ ತುಂಗಭದ್ರಾ ನದಿಗಳ ನಡುವಿನ ಭೂಭಾಗವನ್ನು ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ಇದರ ಹಳೆಯ ಕನ್ನಡ ಹೆಸರು ಎಡೆದೊರೆ ನಾಡು. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಈ ನಾಡಿನ ಊರುಗಳು. ತುಂಗಭದ್ರೆಯ ಆಚೆ ದಡದ ಮಂತ್ರಾಲಯಕ್ಕೆ ಹೋಗುವ ಯಾತ್ರಿಕರು ರಾಯಚೂರನ್ನು ಹಾದುಹೋಗುವುದು ಸಾಮಾನ್ಯ. ಆದರೆ ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯಕ್ಕೆ ಮರುಜೀವ ನೀಡಿದ ಮೂವರು ಹರಿದಾಸರ ಜನ್ಮಸ್ಥಳಗಳಿರುವುದು ಈಚೆ ದಡದ ಈ ನಾಡಿನಲ್ಲಿ.

ರಾಯಚೂರು ನಗರ

ಇಲ್ಲಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ತೆಲುಗು ಶಾಸನವಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ನಿರ್ಮಾಣವಾದುದನ್ನು ಅದು ತಿಳಿಸುತ್ತದೆ. ಶಾಸನಕ್ಕಿಂತಲೂ ಕುತೂಹಲಕರವಾದುದು ಸಮೀಪದ ಗೀರುಚಿತ್ರ: ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲಿಟ್ಟು ಕೋಣಗಳಿಂದ ಎಳೆಸಿದ ಬಗೆಯನ್ನು ಅಲ್ಲಿ ಕಾಣಬಹುದು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ವಶಪಡಿಸಿಕೊಂಡನು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಆ ಯುದ್ಧವನ್ನು ವಿವರವಾಗಿ ಬರೆದಿದ್ದಾನೆ. ಬಹಮನಿ ಕಾಲದ ಏಕ್ ಮಿನಾರ್ ಮಸೀದಿ (1513) ಒಂದೇ ಮಿನಾರು ಹೊಂದಿರುವುದರಿಂದ ಆ ಹೆಸರು ಪಡೆದಿದೆ.

ದೇವದುರ್ಗ ಭಾಗ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಮಲೆಶಂಕರ ದೇವಾಲಯವೂ ಸೇರಿದಂತೆ ಹಲವು ಹಳೆಯ ಗುಡಿಗಳೂ ಶಾಸನಗಳೂ ಇಲ್ಲಿವೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಜನ್ಮಸ್ಥಳ.

ಮಾನ್ವಿ ಮತ್ತು ದಾಸಪರಂಪರೆ

ವಿಜಯದಾಸರು 1682ರಲ್ಲಿ ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಜನಿಸಿದರು. ಅದು ತುಂಗಭದ್ರೆಯ ದಡದ ಹಳ್ಳಿ. ಅವರು ಹುಟ್ಟಿದ ನಾಲ್ಕೇ ವರ್ಷಗಳಲ್ಲಿ ವಿಜಾಪುರ ಔರಂಗಜೇಬನ ವಶವಾಯಿತು. ಹೀಗೆ ರಾಜ್ಯಗಳು ಕೈಬದಲಾಗುತ್ತಿದ್ದ ಕಾಲದಲ್ಲಿಯೇ, ಪುರಂದರದಾಸರ ನಂತರ ಮಂಕಾಗಿದ್ದ ದಾಸಸಾಹಿತ್ಯ ಅವರಿಂದ ಮತ್ತೆ ಚಿಗುರಿತು. ಗೋಪಾಲದಾಸರು ಅವರ ಶಿಷ್ಯರು.

ಮಾನ್ವಿ ಸಮೀಪದ ಬ್ಯಾಗವಾಟದಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಸಂಪ್ರದಾಯದ ಪ್ರಕಾರ, ಕನ್ನಡ ಹಾಡುಗಾರರೆಂದು ವಿಜಯದಾಸರನ್ನು ಕಡೆಗಣಿಸಿದ ಅವರಿಗೆ ತೀವ್ರ ಉದರವ್ಯಾಧಿ ಬಂದಿತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರು. ಕಥೆಯನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆ ಪಂಡಿತರು ಮುಂದೆ ಜಗನ್ನಾಥದಾಸರಾಗಿ, ಮಾಧ್ವ ತತ್ತ್ವವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಗೆ ತಂದು ‘ಹರಿಕಥಾಮೃತಸಾರ’ ರಚಿಸಿದ್ದಂತೂ ನಿಜ. ಸಂಸ್ಕೃತ ಬಾರದವರಿಗೂ ಶಾಸ್ತ್ರದ ಬಾಗಿಲು ತೆರೆದ ಕೃತಿಯಿದು.

ಮಾನ್ವಿಯಲ್ಲಿ ಜಗನ್ನಾಥದಾಸರ ಸನ್ನಿಧಾನವಿದ್ದು, ಅವರು ಒರಗಿ ಕೂರುತ್ತಿದ್ದರೆನ್ನಲಾದ ಕಂಬಕ್ಕೆ ಪೂಜೆ ಸಲ್ಲುತ್ತದೆ. ಭಾದ್ರಪದ ಶುದ್ಧ ನವಮಿ ಅವರ ಆರಾಧನೆಯ ದಿನ.

ಸಂದರ್ಶನ

ರೈಲು ಸೌಕರ್ಯಕ್ಕೆ ರಾಯಚೂರು ಅನುಕೂಲ. ಅಲ್ಲಿಂದ ಮಾನ್ವಿ ನೈರುತ್ಯಕ್ಕೂ ದೇವದುರ್ಗ ವಾಯವ್ಯಕ್ಕೂ ಇರುವುದರಿಂದ ಎರಡು ದಿನ ಮೀಸಲಿಡುವುದು ಒಳ್ಳೆಯದು. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ವಿಜಯದಾಸರ ಆರಾಧನೆ ನಡೆಯುವ ಕಾರ್ತಿಕ ಮಾಸದಲ್ಲಿ ಬಿಸಿಲು ಹಿತವಾಗಿರುತ್ತದೆ.