ಕ್ಲೌಸರ್ ಮಿನ್ನೊ
ಬೆಚ್ಚನೆಯ ನೀರಿನ ನದಿಗಳಲ್ಲಿ ಬಾಸ್ ಮೀನು ಹಿಡಿಯಲು ಬಳಸುವ ಕೃತಕ ಎರೆ. ಫ್ಲೈ ಗಾಳದ ಒಂದು ಬಗೆ. ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಇದನ್ನು ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್ ಬಾಸ್‌ಗಾಗಿ 1980ರ ದಶಕದಲ್ಲಿ ರೂಪಿಸಿದರು. ಹೆಸರಿಟ್ಟವರು ಫ್ಲೈ ಗಾಳಗಾರ ಲೆಫ್ಟಿ ಕ್ರೆ. ಕೊಕ್ಕೆಗೆ ಜಿಂಕೆಬಾಲದ ಕೂದಲು ಕಟ್ಟಿ, ಕಣ್ಣಿನ ಜಾಗದಲ್ಲಿ ಡಂಬೆಲ್ ಆಕಾರದ ಲೋಹದ ಗುಂಡು ಕೂರಿಸುತ್ತಾರೆ. ಆ ಭಾರಕ್ಕೆ ಕೊಕ್ಕೆ ಮಗುಚಿ ಮೊನೆ ಮೇಲಾಗುವುದರಿಂದ ತಳದ ಕಲ್ಲುಗಳಿಗೆ ಸಿಕ್ಕಿಕೊಳ್ಳುವುದು ಕಡಿಮೆ. ದಾರ ಎಳೆದಾಗ ಮುಂದಕ್ಕೆ ಚಿಮ್ಮುತ್ತದೆ, ಸಡಿಲಬಿಟ್ಟಾಗ ತಲೆ ಮುಂದಾಗಿ ಮುಳುಗುತ್ತದೆ; ಬೆದರಿದ ಮರಿಮೀನೇ ಸರಿ. ಇದರ ಯಶಸ್ಸಿನ ಗುಟ್ಟು ಬಣ್ಣಕ್ಕಿಂತ ಈ ಚಲನೆಯಲ್ಲಿದೆ ಎನ್ನಬೇಕು. ಬಾಸ್‌ನ ಕುಟುಂಬಕ್ಕೇ ಸೇರಿದ ಸನ್‌ಫಿಷ್‌ಗಳ ಬಾಯಿ ಕಿರಿದು; ಅವಕ್ಕೆ ಇದನ್ನೇ ಸಣ್ಣ ಕೊಕ್ಕೆಯಲ್ಲಿ ಕಟ್ಟುತ್ತಾರೆ. ಈಗ ಸಮುದ್ರದ ಮೀನುಗಳಿಗೂ ಬಳಕೆಯಲ್ಲಿದೆ.