ಮೇಗುತಿ ಜಿನಾಲಯ ಮತ್ತು ಜೀರ್ಣೋದ್ಧಾರದ ಮರ್ಯಾದೆ

ನಮ್ಮ ಶಾಸ್ತ್ರಭಂಡಾರಗಳ ಹಾಗೂ ಸಂಶೋಧನ ಪೀಠಗಳ ಕಟ್ಟಡಗಳು ಅನೇಕ ಕಡೆ ಜೀರ್ಣವಾಗಿವೆ. ಓಲೆಗರಿಯ ಕಟ್ಟುಗಳಿಗೆ ಸ್ಥಳ ಸಾಲದು. ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ. ಹಳೆಯದನ್ನು ಕೆಡವಿ ಹೊಸದನ್ನು ಎತ್ತಬೇಕೆ, ಇದ್ದುದಕ್ಕೆ ಕೂಡಿಸಬೇಕೆ ಎಂಬ ಪ್ರಶ್ನೆ ಹೀಗೆ ಏಳುತ್ತದೆ. ಇದಕ್ಕೆ ನಮ್ಮ ಪೂರ್ವಿಕರು ಕೊಟ್ಟ ಉತ್ತರವೊಂದು ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ಐಹೊಳೆಯಲ್ಲಿ ಶಿಲಾರೂಪದಲ್ಲಿದೆ.

ಐಹೊಳೆಯ ಬೆಟ್ಟದ ಮೇಲಿನ ಜಿನಾಲಯವನ್ನು 'ಮೇಲು ಗುಡಿ' ಎಂಬರ್ಥದಲ್ಲಿ ಮೇಗುತಿಯೆಂದು ಕರೆಯುತ್ತಾರೆ. ಇಮ್ಮಡಿ ಪುಲಕೇಶಿಯ ಆಶ್ರಯ ಪಡೆದ ರವಿಕೀರ್ತಿಯು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ಇದನ್ನು ಕಟ್ಟಿಸಿದನು. ಪೂರ್ವದ ಹೊರಗೋಡೆಯ ಸಂಸ್ಕೃತ ಶಾಸನದಲ್ಲಿ ಆತನು ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಇತಿಹಾಸಕಾರರು ಅದರಲ್ಲಿ ಹರ್ಷವರ್ಧನನ ಪರಾಭವವನ್ನು ಓದುತ್ತಾರೆ. ಗ್ರಂಥಸಂಪಾದನೆಯಲ್ಲಿ ತೊಡಗಿದ ನಮಗೆ ಅದು ಮೊದಲು ಒಂದು ಪ್ರಶಸ್ತಿ. ಕೃತಿಯ ಕೊನೆಯಲ್ಲಿ ಕಾಲ, ಕರ್ತೃ, ಆಶ್ರಯದಾತರನ್ನು ಹೇಳುವ ಪ್ರಶಸ್ತಿಯ ಕೆಲಸವನ್ನೇ ಇಲ್ಲಿ ಗೋಡೆಯು ಮಾಡುತ್ತಿದೆ.

ಈ ಕಟ್ಟಡ ಒಂದೇ ಕಾಲದ ಕೃತಿಯಲ್ಲ. ಗರ್ಭಗೃಹವೂ ಅದನ್ನು ಬಳಸಿದ ಪ್ರದಕ್ಷಿಣಪಥವೂ ಮೂಲದವು. ಮುಂಭಾಗದ ಕಂಬಗಳ ಮಂಟಪವು ಅನಂತರದ ವಿಸ್ತರಣವೆಂಬುದು ವಿದ್ವಾಂಸರ ಅಭಿಪ್ರಾಯ. ಹೊರಗೋಡೆಯ ಗೂಡುಗಳು ಬರಿದಾಗಿಯೇ ಉಳಿದಿವೆ, ಕೆಲಸ ಪೂರ್ಣವಾಗಲಿಲ್ಲ. ಆದರೂ ಮುಂದೆ ಕೂಡಿಸಿದವರು ರವಿಕೀರ್ತಿಯ ಶಾಸನವನ್ನು ಮರೆಮಾಡಲಿಲ್ಲ.

ಶಾಸನದಲ್ಲಿಯೂ ಇದೇ ಕ್ರಮ ಕಾಣುತ್ತದೆ. ಒಟ್ಟು 19 ಸಾಲುಗಳಲ್ಲಿ 18ನೆಯದೂ ಗಿಡ್ಡದಾದ 19ನೆಯದೂ ನಂತರ ಸೇರಿದವೆಂದು ಇದನ್ನು ಸಂಪಾದಿಸಿದ ಕೀಲ್‌ಹಾರ್ನ್ ಗುರುತಿಸಿದರು. ಅವು ಮಹತ್ತ್ವದವಲ್ಲವೆಂದೂ ಅವರ ಅಭಿಪ್ರಾಯ. ನನಗೆ ಹಾಗೆ ತೋರುವುದಿಲ್ಲ. ಅವುಗಳಲ್ಲಿ ದೇವಾಲಯದ ಭುಕ್ತಿಗೆ ಸೇರಿದ ಊರುಗಳ ಹೆಸರುಗಳಿವೆ. ಮೂಲಪಾಠವನ್ನು ತಿದ್ದದೆ, ಅದರ ಕೆಳಗೆ ತನ್ನ ಮಾತನ್ನು ಬರೆದ ಈ ಕೈ ಪ್ರಾಮಾಣಿಕವಾದುದು. ಇದು ಪ್ರಕ್ಷೇಪವಲ್ಲ, ಅನುಬಂಧ.

ಪ್ರತಿಯೊಂದು ಸೇರ್ಪಡೆಯೂ ಇಷ್ಟು ಸಂಯಮದ್ದೆಂದು ಹೇಳಲಾಗದು. ಬಾದಾಮಿಯ ನಾಲ್ಕನೆಯ ಗುಹೆಯು ಜಿನಾಲಯ. ಅದರ ಒಳಗಂಬಗಳಲ್ಲಿಯೂ ಗೋಡೆಗಳಲ್ಲಿಯೂ ತೀರ್ಥಂಕರರ ಸಣ್ಣ ಬಿಂಬಗಳು 11-12ನೆಯ ಶತಮಾನಗಳ ಸುಮಾರಿಗೆ ಸೇರಿದವು. ಅವು ಭಕ್ತಿಯ ಫಲ, ನಿಜ. ಆದರೆ ಬಿಂಬ ಕೊರೆದ ಕಲ್ಲು ಮತ್ತೆ ಮೊದಲಿನಂತಾಗದು. ಅಂಚಿನಲ್ಲಿ ಬರೆಯುವುದಕ್ಕೂ ಗರಿಯ ಮೇಲೆಯೇ ಕೊರೆಯುವುದಕ್ಕೂ ಇರುವ ಭೇದವನ್ನು ಈ ಎರಡು ಸ್ಥಳಗಳು ಒಟ್ಟಿಗೆ ತೋರಿಸುತ್ತವೆ.

ಜೀರ್ಣೋದ್ಧಾರವು ನಮ್ಮಲ್ಲಿ ಕೀಳು ಕಾರ್ಯವಲ್ಲ. ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ಉದ್ಧರಿಸಿದುದನ್ನು ಶ್ರವಣಬೆಳಗೊಳದ ಶಾಸನಗಳು ಅವನ ಕೀರ್ತಿಗೆ ಕಾರಣವಾಗಿ ಹೇಳುತ್ತವೆ. ಕಟ್ಟಿದವನಷ್ಟೇ ಉಳಿಸಿದವನೂ ಪುಣ್ಯಭಾಗಿ.

ಇದನ್ನು ಬರೆಯಲು ಕಾರಣವಿದೆ. ಹಿಂದೊಮ್ಮೆ ಒಂದು ಭಂಡಾರದ ಹಳೆಯ ಕೋಣೆಯನ್ನು ಕೆಡವಿದಾಗ ಕಟ್ಟುಗಳನ್ನು ಅವಸರದಲ್ಲಿ ಬೇರೆಡೆ ಪೇರಿಸಿದರು. ಹಲಗೆಗಳು ಅದಲುಬದಲಾದವು, ಹಲಗೆಯ ಮೇಲಿನ ಸಂಖ್ಯೆಗೂ ಒಳಗಿನ ಗ್ರಂಥಕ್ಕೂ ಸಂಬಂಧ ತಪ್ಪಿತು. ಗೋಡೆಯಲ್ಲಿದ್ದ ದಾನಿಯ ಶಿಲಾಲೇಖವೂ ಮಣ್ಣಿನೊಡನೆ ಹೋಯಿತು. ಗರಿಗಳನ್ನು ಮತ್ತೆ ಹೊಂದಿಸಬಹುದು. ಆ ಲೇಖದ ಪಾಠವನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ.

ಆದುದರಿಂದ ವಿಸ್ತರಣಕ್ಕೆ ಕೈಹಾಕುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಕೆಲಸ ತೊಡಗುವ ಮೊದಲು ಕಟ್ಟುಗಳ ಸ್ಥಾನವನ್ನೂ ಗೋಡೆಯ ಲೇಖಗಳನ್ನೂ ಯಥಾವತ್ತಾಗಿ ಬರೆದಿಡಬೇಕು. ಗಟ್ಟಿಯಾಗಿರುವ ಹಳೆಯ ಭಾಗವನ್ನು ಉಳಿಸಿ ಅದರ ಪಕ್ಕದಲ್ಲಿ ಹೊಸದನ್ನು ಕಟ್ಟಬೇಕು. ಹೊಸದು ಹೊಸದೆಂದೇ ತಿಳಿಯುವಂತಿರಲಿ. ಅದರ ಮೇಲೆ ಅದರ ಕಾಲ ಬರೆದಿರಲಿ. ಪಾಠಾಂತರವನ್ನು ಅಳಿಸದೆ ಅಡಿಯಲ್ಲಿ ಸೂಚಿಸುವುದು ಸಂಪಾದಕನ ಧರ್ಮ. ಕಟ್ಟಡದ ವಿಷಯದಲ್ಲಿಯೂ ಧರ್ಮ ಬೇರೆಯಲ್ಲ.